ಐರೋಪ್ಯ ರಾಷ್ಟ್ರಗಳ ಏಕೀಕರಣವು ಸಾಧ್ಯವೇ?

ಯುರೋಪ ಖಂಡದ ನಾನಾ ರಾಷ್ಟ್ರಗಳು ಕೂಡಿ ಒಂದೇ ರಾಜ್ಯವಾಗಬಲ್ಲವೇ ಎಂಬ ಪ್ರಶ್ನೆಯು ಇಂದು ಹುಟ್ಟಿದ್ದಲ್ಲ. 1849ರಲ್ಲಿ ಪ್ಯಾರಿಸ್ ನಗರದ ಶಾಂತಿ ಪರಿಷತ್ತಿನಲ್ಲಿ ಫ್ರೆಂಚ್ ಕವಿ ವಿಕ್ಟರ್ ಹ್ಯೂಗೋ ಐರೋಪ್ಯ ಸಂಯುಕ್ತ ಸಂಸ್ಥಾನಗಳ ಕನಸನ್ನು ಜನರ ಮುಂದಿಟ್ಟನು. 1929ರಲ್ಲಿ ಫ್ರಾನ್ಸಿನ ಪ್ರಧಾನಿ ಬ್ರಿಯಾಂ ರಾಷ್ಟ್ರಸಂಘದ ಸಭೆಯಲ್ಲಿ ಇದೇ ಮಾತನ್ನೆತ್ತಿದನು. ಅದಾಗಿ ಹತ್ತು ವರ್ಷಗಳಲ್ಲಿಯೇ ಆ ಖಂಡವೆಲ್ಲ ರಣರಂಗವಾಯಿತು. ಇದನ್ನು ಕಂಡವರು, "ಭಾಷೆ ಬೇರೆ, ಮತ ಬೇರೆ, ನಡೆನುಡಿ ಬೇರೆ, ಇಂಥವರು ಒಂದಾಗುವದೆಂತು?" ಎಂದು ಕೇಳುವದು ಸಹಜವೇ ಸರಿ. ಆದರೆ ಈ ಕೇಳ್ವಿಯು ರೋಗವನ್ನು ಬಿಟ್ಟು ಬೇರೊಂದಕ್ಕೆ ಮದ್ದು ಹುಡುಕುತ್ತದೆಂದು ನಮ್ಮ ಅಭಿಪ್ರಾಯ.

ಸ್ವಿಟ್ಜರ್ಲಂಡವನ್ನು ನೋಡಿರಿ. ಅಲ್ಲಿ ಜರ್ಮನ್, ಫ್ರೆಂಚ್, ಇಟಾಲಿಯನ್ ಭಾಷೆಗಳನ್ನಾಡುವವರಿದ್ದಾರೆ. ಕ್ಯಾಥೊಲಿಕರೂ ಪ್ರಾಟೆಸ್ಟಂಟರೂ ಇದ್ದಾರೆ. 1847ರಲ್ಲಿ ಅವರು ತಮ್ಮತಮ್ಮಲ್ಲಿಯೇ ಯುದ್ಧ ಮಾಡಿದರು. ಮರುವರ್ಷವೇ ಸಂಯುಕ್ತ ರಾಜ್ಯಘಟನೆಯನ್ನು ಕಟ್ಟಿಕೊಂಡರು. ಬೆಟ್ಟದ ಸೀಮೆಯ ಕೆಲವೇ ಜನರ ನುಡಿಯಾದ ರೊಮಾನ್ಶ್ ಭಾಷೆಗೂ 1938ರಲ್ಲಿ ರಾಷ್ಟ್ರಭಾಷೆಯ ಮನ್ನಣೆ ದೊರೆಯಿತು. ಅಲ್ಲಿ ಶಾಲೆಯ ಅಧಿಕಾರವು ಆಯಾ ಪ್ರಾಂತದ ಕೈಯಲ್ಲಿಯೇ ಉಳಿದಿದೆ.

ಇನ್ನು ಆಸ್ಟ್ರಿಯಾ-ಹಂಗೇರಿಯನ್ನು ನೋಡಿರಿ. ಅಲ್ಲಿಯೂ ಹತ್ತಾರು ನುಡಿಗಳ ಜನರಿದ್ದರು. ಆದರೆ 1907ರಲ್ಲಿ ಹಂಗೇರಿಯ ಸರಕಾರವು, ಮಾತೃಭಾಷೆ ಬೇರೆಯಾದ ಮಕ್ಕಳೂ ನಾಲ್ಕನೆಯ ವರ್ಷ ಮುಗಿಯುವದರೊಳಗೆ ಹಂಗೇರಿಯನ್ ಭಾಷೆಯಲ್ಲಿ ಮಾತಾಡಲೂ ಬರೆಯಲೂ ಕಲಿತಿರಬೇಕೆಂದು ಕಾಯಿದೆ ಮಾಡಿ, ಆ ಭಾರವನ್ನು ಶಿಕ್ಷಕರ ತಲೆಯ ಮೇಲೆ ಹೊರಿಸಿತು. 1918ರಲ್ಲಿ ಆ ಸಾಮ್ರಾಜ್ಯವು ಚೂರುಚೂರಾದಾಗ ಅದಕ್ಕಾಗಿ ಕಣ್ಣೀರಿಡಲು ಆ ಜನಾಂಗಗಳಲ್ಲಿ ಹೆಚ್ಚು ಮಂದಿ ಇರಲಿಲ್ಲ. ಹಾಗೆಂದು ಒಂದೇ ಭಾಷೆಯಿದ್ದರೆ ಸಾಕೆಂದೂ ತಿಳಿಯಬಾರದು. ಸರ್ಬರೂ ಕ್ರೋಟರೂ ಆಡುವ ನುಡಿ ಬಹುಮಟ್ಟಿಗೆ ಒಂದೇ. ಆದರೂ 1991ರಲ್ಲಿ ಯುಗೊಸ್ಲಾವಿಯಾ ಒಡೆಯಿತು, ರಕ್ತವೂ ಹರಿಯಿತು. ಆದುದರಿಂದ ರಾಜ್ಯವನ್ನು ಒಡೆಯುವದು ಭಾಷಾಭೇದವಲ್ಲ. ಒಬ್ಬರು ಮತ್ತೊಬ್ಬರ ಮೇಲೆ ಸವಾರಿ ಮಾಡುವರೆಂಬ ಭಯ.

ಎರಡನೆಯ ಮಹಾಯುದ್ಧದ ತರುವಾಯ ಐರೋಪ್ಯ ಮುತ್ಸದ್ದಿಗಳು ಈ ಪಾಠವನ್ನು ಅರ್ಧ ಕಲಿತರು. 1951ರಲ್ಲಿ ಆರು ರಾಷ್ಟ್ರಗಳು ಯುದ್ಧಸಾಮಗ್ರಿಯ ಮೂಲವಾದ ಕಲ್ಲಿದ್ದಲು ಮತ್ತು ಉಕ್ಕುಗಳನ್ನು ಒಂದೇ ಆಡಳಿತದ ಕೆಳಗೆ ತರಲು ಒಪ್ಪಿದವು. 1957ರ ರೋಮ್ ಒಪ್ಪಂದದಿಂದ ಹುಟ್ಟಿದ ಸಮುದಾಯವು 1958ರಲ್ಲಿ ಹೊರಡಿಸಿದ ಮೊಟ್ಟಮೊದಲ ನಿಯಮವು ಯಾವುದರದು ಬಲ್ಲಿರಾ? ಸುಂಕದ್ದಲ್ಲ, ವ್ಯಾಪಾರದ್ದಲ್ಲ, ಭಾಷೆಯದು! ಡಚ್, ಫ್ರೆಂಚ್, ಜರ್ಮನ್, ಇಟಾಲಿಯನ್ ಈ ನಾಲ್ಕಕ್ಕೂ ಸಮಾನ ಸ್ಥಾನವೆಂದು ಅದು ಸಾರಿತು. ಇಂದು ಐರೋಪ್ಯ ಒಕ್ಕೂಟದಲ್ಲಿ 27 ರಾಷ್ಟ್ರಗಳೂ 24 ಅಧಿಕೃತ ಭಾಷೆಗಳೂ ಇವೆ. 2002ರಿಂದ ಬಹುಪಾಲು ರಾಷ್ಟ್ರಗಳಲ್ಲಿ ಒಂದೇ ನಾಣ್ಯವು ಜನರ ಕೈಯಲ್ಲಿ ಆಡುತ್ತಲಿದೆ.

ಆದರೂ ಅದು ಒಂದು ರಾಜ್ಯವಾಗಿಲ್ಲ. ಸ್ವಂತ ದಂಡು ಅದಕ್ಕಿಲ್ಲ. ಅದರ ಬೊಕ್ಕಸವು ಎಲ್ಲ ರಾಷ್ಟ್ರಗಳ ಒಟ್ಟು ಆದಾಯದ ಸುಮಾರು ನೂರರಲ್ಲೊಂದು ಪಾಲು ಮಾತ್ರ. 2010ರಲ್ಲಿ ಗ್ರೀಸ್ ದೇಶವು ಸಾಲದಲ್ಲಿ ಮುಳುಗಿದಾಗ, ನಾಣ್ಯ ಒಂದಾಗಿ ಬೊಕ್ಕಸ ಬೇರೆಯಾದ ಸಂಸಾರದ ಕಷ್ಟವೆಂಥದೆಂಬದು ಎಲ್ಲರಿಗೂ ತಿಳಿಯಿತು. ಜನರ ಮನಸ್ಸೂ ಪೂರ್ಣವಾಗಿ ಕೂಡಿಲ್ಲ. 2005ರಲ್ಲಿ ಫ್ರಾನ್ಸ್ ಮತ್ತು ನೆದರ್ಲಂಡದ ಮತದಾರರು ಐರೋಪ್ಯ ರಾಜ್ಯಘಟನೆಯನ್ನು ತಿರಸ್ಕರಿಸಿದರು. 2016ರಲ್ಲಿ ಬ್ರಿಟನ್ನಿನ ಜನರು ಹೊರಬೀಳಲು ಮತವಿತ್ತು, 2020ರಲ್ಲಿ ಹೊರಬಿದ್ದರು. ಮುತ್ಸದ್ದಿಗಳ ರುಜುವಿನಿಂದ ಒಪ್ಪಂದವಾಗುವದು. ರಾಜ್ಯವಾಗಬೇಕಾದರೆ ಜನರ ಒಪ್ಪಿಗೆ ಬೇಕು.

ಕರ್ನಾಟಕದ ಏಕೀಕರಣದ ಕಥೆಯನ್ನು ಬಲ್ಲ ನಮಗೆ ಈ ವಾದವಿವಾದವು ಹೊಸದಲ್ಲ. ಭಾಷಾವಾರು ಪ್ರಾಂತಗಳು ರಾಷ್ಟ್ರದ ಐಕ್ಯಕ್ಕೆ ಹಾನಿಕರವೆಂದು 1948ರಲ್ಲಿ ಧರ್ ಆಯೋಗವು ತೀರ್ಪಿತ್ತಿತ್ತು. 1956ರ ನವೆಂಬರ 1ರಂದು ಹರಿದು ಹಂಚಿಹೋಗಿದ್ದ ಕನ್ನಡಿಗರು ಒಂದಾದರು. ಭಾರತವು ಒಡೆಯಲಿಲ್ಲ, ಗಟ್ಟಿಯಾಯಿತು. ಆದರೆ ಒಂದು ಭೇದವನ್ನು ಮರೆಯಕೂಡದು. ನಮ್ಮಲ್ಲಿ ಒಂದು ಬೊಕ್ಕಸ, ಒಂದು ದಂಡು, ಸ್ವಾತಂತ್ರ್ಯಕ್ಕಾಗಿ ಕೂಡಿ ಪಟ್ಟ ಕಷ್ಟದ ನೆನಪು, ಇವೆಲ್ಲ ಮೊದಲೇ ಇದ್ದವು. ಮಾಳಿಗೆ ಇದ್ದಿತು, ಅದರ ಕೆಳಗೆ ನಮಗೆ ಕೋಣೆಗಳು ಬೇಕಾಗಿದ್ದವು. ಅವರಲ್ಲಿ ಕೋಣೆಗಳಿವೆ, ಮಾಳಿಗೆ ಇಲ್ಲ.

ಆದುದರಿಂದ ಫ್ರೆಂಚನು ಫ್ರೆಂಚತನವನ್ನೂ ಜರ್ಮನನು ಜರ್ಮನತನವನ್ನೂ ನೀಗಿಕೊಂಡು ಒಂದಾಗಲೆಂದು ಹೇಳುವವರು ಐಕ್ಯದ ಮಿತ್ರರಲ್ಲ, ಶತ್ರುಗಳು. ತಾಯ್ನುಡಿಯೂ ಶಾಲೆಯೂ ಆಯಾ ಜನರ ಕೈಯಲ್ಲಿ ನಿರ್ಭಯವಾಗಿರಲಿ. ದಂಡು, ಬೊಕ್ಕಸ, ಪರರಾಷ್ಟ್ರ ವ್ಯವಹಾರಗಳನ್ನು ಜನರು ತಾವಾಗಿ ಒಪ್ಪಿ ಒಂದು ಕೈಗೆ ಒಪ್ಪಿಸಲಿ. ಅಂದು ಯುರೋಪ ಒಂದಾಗುವದು. ಅಲ್ಲಿಯ ವರೆಗೆ ಅದು ಒಳ್ಳೆಯ ನೆರೆಹೊರೆಯಾಗಿ ಮಾತ್ರ ಉಳಿಯುವದು.