ಅಳೆದಿದ್ದು ಯಾವುದರಿಂದ?

ಮಿನಿ ಪ್ರಾಜೆಕ್ಟ್ ಅಂದ ತಕ್ಷಣ ನಾವೆಲ್ಲ ನೆಟ್‌ನಿಂದ ಒಂದು ಡೇಟಾಸೆಟ್ ಇಳಿಸ್ಕೋತೀವಿ. ಅದನ್ನು ಅಳೆದ ಉಪಕರಣ ಎಂಥದ್ದು ಅಂತ ಯಾರೂ ಕೇಳಲ್ಲ. ಕೇಳಲೇಬೇಕು ಅನ್ನೋದು ನನ್ನ ವಾದ. ಸಮುದ್ರದಿಂದಲೇ ಒಂದು ಉದಾಹರಣೆ ಕೊಡ್ತೀನಿ.

ಸಮುದ್ರದ ಮೇಲ್ಪದರದ ಪ್ರವಾಹಗಳನ್ನು ಅಳೆಯೋಕೆ ‘ಡ್ರಿಫ್ಟರ್’ಗಳನ್ನು ನೀರಿಗೆ ಬಿಡ್ತಾರೆ. ಮೇಲೆ ತೇಲುವ ಚೆಂಡು. ಅದರೊಳಗೆ ಬ್ಯಾಟರಿ, ಟ್ರಾನ್ಸ್‌ಮಿಟರ್. ಕೆಳಗೆ ಸುಮಾರು 15 ಮೀಟರ್ ಆಳದಲ್ಲಿ ತೂತುಗಳಿರುವ ಬಟ್ಟೆಯ ಕೊಳವೆ. ಇದರ ಹೆಸರು ಡ್ರೋಗ್. ಗಾಳಿ ಚೆಂಡನ್ನು ತಳ್ಳಿದರೂ ಡ್ರೋಗ್ ಹಿಡಿದುಕೊಳ್ಳುತ್ತೆ, ಹಾಗಾಗಿ ಡ್ರಿಫ್ಟರ್ ನೀರಿನ ಜೊತೆಗೇ ಸಾಗುತ್ತೆ. ಜಗತ್ತಿನ ಸಮುದ್ರಗಳಲ್ಲಿ ಇಂಥ ಸಾವಿರಕ್ಕೂ ಹೆಚ್ಚು ಡ್ರಿಫ್ಟರ್‌ಗಳು ತೇಲ್ತಾ, ಸ್ಯಾಟಲೈಟ್ ಮೂಲಕ ತಾವಿರುವ ಜಾಗ ತಿಳಿಸ್ತಿವೆ.

ಆದರೆ ಎಷ್ಟೋ ಸಲ ಡ್ರೋಗ್ ಕಳಚಿ ಹೋಗುತ್ತೆ. ಆಮೇಲೂ ಚೆಂಡು ಗಾಳಿ ತಳ್ಳಿದ ಕಡೆ ಓಡ್ತಾ ಡೇಟಾ ಕಳಿಸ್ತಾನೇ ಇರುತ್ತೆ. ಡ್ರೋಗ್ ಕಳಚಿದ್ದನ್ನು ಪತ್ತೆ ಹಚ್ಚಬೇಕಿದ್ದ ಸೆನ್ಸರೂ ಹಲವು ಡ್ರಿಫ್ಟರ್‌ಗಳಲ್ಲಿ ಕೈಕೊಟ್ಟಿತ್ತು. ಪರಿಣಾಮ? ಪ್ರವಾಹಗಳ ವೇಗವೇ ವರ್ಷಗಳು ಕಳೆದಂತೆ ಬದಲಾಗ್ತಿದೆ ಅನ್ನೋ ಹಾಗೆ ಗ್ರಾಫ್ ಬಂತು. ಅದರಲ್ಲಿ ಬಹುಪಾಲು ಡ್ರೋಗ್ ಇಲ್ಲದ ಚೆಂಡುಗಳ ಕಿತಾಪತಿ ಅಂತ 2011ರಲ್ಲಿ ವಿಜ್ಞಾನಿಗಳು ತೋರಿಸಿದರು. ಆಮೇಲೆ ಹಳೇ ದಾಖಲೆಗಳನ್ನು ಮತ್ತೆ ಪರಿಶೀಲಿಸಬೇಕಾಯಿತು.

ಸಮುದ್ರದಲ್ಲಿ ಎಣ್ಣೆ ಸೋರಿದಾಗ, ದೋಣಿ ಕಾಣೆಯಾದಾಗ ಎಲ್ಲಿ ಹುಡುಕಬೇಕು ಅನ್ನೋ ಲೆಕ್ಕಕ್ಕೂ ಪ್ರವಾಹದ ಮಾಹಿತಿ ಬೇಕು. ಅದೇ ತಪ್ಪಾದರೆ ಮಾಡೆಲ್ ಎಷ್ಟು ದೊಡ್ಡದಿದ್ದು ಏನು ಪ್ರಯೋಜನ? ಹಾಗಾಗಿ ಪ್ರಾಜೆಕ್ಟ್ ರಿಪೋರ್ಟಿನಲ್ಲಿ ಅಕ್ಯುರೆಸಿ ಬರೆಯೋ ಮೊದಲು ಒಂದು ಪುಟ ಉಪಕರಣದ ಬಗ್ಗೆ ಬರೆಯೋಣ. ವೈವಾದಲ್ಲಿ ಕೇಳದಿದ್ದರೂ ಪರವಾಗಿಲ್ಲ.