ಜಠರದ ಹುಣ್ಣು ತೂತಾದರೆ ಕಷಾಯವಲ್ಲ, ಶಸ್ತ್ರವೇ ಮದ್ದು



ಆಯುರ್ವೇದವನ್ನೇ ಕಾಯಕವಾಗಿ ನಂಬಿದ ನಾವು ಹೀಗೆ ಬರೆಯುವುದು ಕೆಲವರಿಗೆ ಅಚ್ಚರಿಯೆನಿಸಬಹುದು. ಜಠರದ ಹುಣ್ಣು ತೂತುಬಿದ್ದಿದೆಯೆಂಬ ಶಂಕೆ ಬಂದರೆ ನಮ್ಮ ಬಳಿಗೆ ಬರಬೇಡಿರಿ. ಶಸ್ತ್ರವೈದ್ಯರಿರುವ ಆಸ್ಪತ್ರೆಗೆ ಹೋಗಿರಿ.

ಇದು ಶಾಸ್ತ್ರಕ್ಕೆ ದ್ರೋಹವಲ್ಲ. ಛಿದ್ರೋದರವನ್ನು ಶಸ್ತ್ರಚಿಕಿತ್ಸಕರಿಗೆ ಒಪ್ಪಿಸಬೇಕೆಂಬುದು ಚರಕರ ಮತ. ಉದರವನ್ನು ಸೀಳಿ, ತೂತಾದ ಕರುಳಿನ ಅಂಚುಗಳನ್ನು ಕಪ್ಪಿರುವೆಗಳಿಂದ ಕಚ್ಚಿಸಿ ಕೂಡಿಸುವ ಕ್ರಮವನ್ನು ಸುಶ್ರುತರು ವಿವರಿಸಿದ್ದಾರೆ. ಇಂದಿನ ಶಸ್ತ್ರವೈದ್ಯರು ತೂತನ್ನು ಹೊಲಿದು, ಉದರದೊಳಗಿನ ಕೊಬ್ಬಿನ ಪದರವನ್ನೇ ಅದಕ್ಕೆ ತೇಪೆಯಾಗಿಸಿ, ಸೋರಿದ ರಸವನ್ನೆಲ್ಲ ತೊಳೆಯುತ್ತಾರೆ. ಸಾಧನ ಬದಲಾಗಿದೆ, ತತ್ತ್ವ ಬದಲಾಗಿಲ್ಲ.

ಲಕ್ಷಣಗಳನ್ನು ನೆನಪಿಡಿರಿ. ಚೂರಿಯಿಂದ ಇರಿದಂತೆ ಥಟ್ಟನೆ ಎದ್ದ ನೋವು, ಹಲಗೆಯಂತೆ ಬಿಗಿದ ಹೊಟ್ಟೆ, ತಣ್ಣನೆಯ ಬೆವರು, ಕೆಲವೊಮ್ಮೆ ಭುಜದಲ್ಲಿಯೂ ನೋವು. ಕೆಲವು ತಾಸಿನ ಬಳಿಕ ನೋವು ತಗ್ಗಿದಂತೆ ತೋರಬಹುದು. ಅದನ್ನು ಗುಣವೆಂದು ನಂಬಿದವರು ಮೋಸಹೋಗುತ್ತಾರೆ. ಒಳಗೆ ನಂಜು ಹರಡುತ್ತಿರುತ್ತದೆ. ಆಗ ಹರಳೆಣ್ಣೆ, ಸೋಡಾ, ಕಷಾಯ, ಕಡೆಗೆ ನೀರನ್ನೂ ಕುಡಿಸಬಾರದು. ಕಳೆದ ಒಂದೊಂದು ತಾಸೂ ಪ್ರಾಣದ ಲೆಕ್ಕಕ್ಕೇ ಸೇರುತ್ತದೆ.

ಚನ್ನಗಿರಿ, ಹೊನ್ನಾಳಿ, ಜಗಳೂರಿನ ಭಕ್ತರು ತಾಲ್ಲೂಕು ಆಸ್ಪತ್ರೆಯಲ್ಲಿ ಮೊದಲ ಉಪಚಾರ ಪಡೆದು, ವೈದ್ಯರು ಸೂಚಿಸಿದರೆ ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಗೆ ತಡಮಾಡದೆ ತೆರಳಬೇಕು. ನ್ಯಾಮತಿಯವರಿಗೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯೂ ಇದೆ. ನಡುರಾತ್ರಿಯಾದರೂ 108ಕ್ಕೆ ಕರೆಮಾಡಿರಿ. ಖರ್ಚಿಗಂಜಿ ಬೆಳಗಾಗಲೆಂದು ಕಾಯುವುದು ಸಲ್ಲದು.

ಹುಣ್ಣಿನ ಮೂಲ ಬರಿಯ ಖಾರವಲ್ಲ. ಆಸ್ಟ್ರೇಲಿಯದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರನ್ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಜೀವಾಣುವಿನ ಪಾತ್ರವನ್ನು ತೋರಿಸಿ 2005ರಲ್ಲಿ ನೊಬೆಲ್ ಪಡೆದರು. ಇನ್ನೊಂದು ಮುಖ್ಯ ಕಾರಣ, ಮೈಕೈ ನೋವಿಗೆಂದು ಅಂಗಡಿಯಿಂದ ತಂದು ನುಂಗುವ ಮಾತ್ರೆ. ಬೀಡಿ ಸಿಗರೇಟು ಅದಕ್ಕೆ ಜೊತೆಗೂಡುತ್ತವೆ. ಶಸ್ತ್ರಚಿಕಿತ್ಸೆಯ ಬಳಿಕ ಇವನ್ನು ಬಿಡದಿದ್ದರೆ, ಜೀವಾಣುವಿಗೆ ಪೂರ್ಣ ಔಷಧ ಪಡೆಯದಿದ್ದರೆ ಹುಣ್ಣು ಮರಳಿ ಬಂದೀತು.

ಚೇತರಿಕೆಯ ದಿನಗಳಲ್ಲಿ ಪಥ್ಯ, ದಿನಚರಿಗಳ ವಿಷಯದಲ್ಲಿ ನಮ್ಮಿಂದ ನೆರವಾದೀತು. ತನ್ನ ಮಿತಿಯನ್ನು ಅರಿತು ರೋಗಿಯನ್ನು ಸಕಾಲದಲ್ಲಿ ಬೇರೆಯವರ ಕೈಗೊಪ್ಪಿಸುವುದೂ ವೈದ್ಯನ ಕಾಯಕವೇ. ಲಿಂಗವನ್ನು ಧರಿಸಿದ ಈ ಕಾಯವನ್ನು ಕಾಪಾಡಿಕೊಳ್ಳುವುದು ಭಕ್ತನ ಹೊಣೆ.