ಬಾಡಿಗೆದಾರನಿಗೆ ಬಡಾವಣೆಯಲ್ಲಿ ಜಾಗವಿಲ್ಲವೆ?

ಹೊಸ ಬಡಾವಣೆಯಲ್ಲಿ ಒಂದಿಷ್ಟು ಬಾಡಿಗೆ ಮನೆಗಳನ್ನೂ ಕಟ್ಟಿಸೋಣವೆಂದು ಯಾರಾದರೂ ಬಾಯಿಬಿಟ್ಟರೆ ಸಾಕು, ಸೈಟುದಾರ ಮಹಾಶಯರಿಂದ ಮೂರು ಆಕ್ಷೇಪಗಳು ಸಿದ್ಧವಾಗಿರುತ್ತವೆ. ನಮ್ಮ ಮನೆಗಳ ಬೆಲೆ ಇಳಿಯುತ್ತದೆ, ಕಳ್ಳತನ ಹೆಚ್ಚುತ್ತದೆ, ತೆರಿಗೆಯ ಭಾರ ನಮ್ಮ ತಲೆಗೆ ಬರುತ್ತದೆ. ಈ ಮಾತನ್ನು ಕೇಳಿ ಕೇಳಿ ಬಾಡಿಗೆದಾರನೂ ತಾನು ಅರೆಮನುಷ್ಯನೇ ಇರಬೇಕೆಂದು ನಂಬಿಬಿಡುವ ಅಪಾಯವಿದೆ. ಆದಕಾರಣ, ಇದೇ ವಾದವು ಮೂವತ್ತು ವರ್ಷ ನಡೆದು ಕಡೆಗೆ ಪರೀಕ್ಷೆಗೂ ಒಳಗಾದ ಒಂದು ಊರಿನ ಸಂಗತಿಯನ್ನು ಈ ವಾರ ಓದುಗರ ಮುಂದಿಡುತ್ತೇವೆ. ಊರು ಅಮೆರಿಕದ್ದು. ಧನಿಕರ ದೇಶದ ಸುದ್ದಿ ನಮಗೇಕೆಂದು ಮೂಗು ಮುರಿಯಬೇಕಾಗಿಲ್ಲ. ವಠಾರದಲ್ಲಿದ್ದು ಬಾಡಿಗೆ ಕಟ್ಟುವವನಿಗೆ ಅದು ಬಹಳ ಪರಿಚಿತವಾಗಿಯೇ ಕಾಣುತ್ತದೆ.

ನ್ಯೂಜೆರ್ಸಿ ಸಂಸ್ಥಾನದಲ್ಲಿ ಮೌಂಟ್ ಲಾರೆಲ್ ಎಂಬುದು ಮೊದಲು ಹೊಲಗದ್ದೆಗಳ ಊರು. 1950ರಲ್ಲಿ ಅಲ್ಲಿ ಮೂರು ಸಾವಿರ ಜನವೂ ಇರಲಿಲ್ಲ. ಹೆದ್ದಾರಿ ಬಂದಿತು, ಫಿಲಡೆಲ್ಫಿಯಾ ನಗರದ ಅನುಕೂಲಸ್ಥರು ಬಂದರು, 1970ರ ಹೊತ್ತಿಗೆ ಜನಸಂಖ್ಯೆ ಹನ್ನೊಂದು ಸಾವಿರ ದಾಟಿತು. ತಲೆತಲಾಂತರದಿಂದ ಅಲ್ಲಿ ದುಡಿದಿದ್ದ ನೀಗ್ರೋ ಕುಟುಂಬಗಳಲ್ಲಿ ಕೆಲವು ಕೋಳಿಗೂಡುಗಳನ್ನೇ ಮನೆ ಮಾಡಿಕೊಂಡು ಬಾಳುತ್ತಿದ್ದವು. ಈ ಜನ ಕೇಳಿದ್ದು ಅರಮನೆಯನ್ನಲ್ಲ, 36 ಬಾಡಿಗೆ ಮನೆಗಳಿಗೆ ಅಪ್ಪಣೆಯನ್ನು. 1970ರಲ್ಲಿ ಊರಿನ ಮೇಯರು ಅವರ ಇಗರ್ಜಿಗೇ ಬಂದು, ಇಲ್ಲಿ ಬಾಳುವ ಶಕ್ತಿಯಿಲ್ಲದವರು ಊರು ಬಿಡಬೇಕಾಗುತ್ತದೆಂಬ ಅರ್ಥದ ಉತ್ತರ ಕೊಟ್ಟುಹೋದರು. ಎಥೆಲ್ ಲಾರೆನ್ಸ್ ಎಂಬ ತಾಯಿ ಮರುವರ್ಷ ನ್ಯಾಯಾಲಯದ ಮೆಟ್ಟಿಲು ಹತ್ತಿದರು.

ಬಡವರು ಬರಕೂಡದೆಂದು ಆ ಊರಿನ ಯಾವ ನಿಯಮದಲ್ಲೂ ಬರೆದಿರಲಿಲ್ಲವೆಂಬುದನ್ನು ಓದುಗರು ಗಮನಿಸಬೇಕು. ಬರೆದದ್ದು ಗಜಕಡ್ಡಿಯ ಲೆಕ್ಕ ಮಾತ್ರ. ಒಂದು ನಿವೇಶನಕ್ಕೆ ಒಂದೇ ಬಿಡಿಮನೆ. ಹೆಚ್ಚಿನ ಕಡೆ ನಿವೇಶನವು ಅರ್ಧ ಎಕರೆಯಷ್ಟು, ಎಂದರೆ ನಮ್ಮ ಲೆಕ್ಕಕ್ಕೆ 20 ಗುಂಟೆಯ ಹತ್ತಿರ. ಮನೆಗೆ ಮನೆ ಅಂಟಿಸಿ ಕಟ್ಟುವಂತಿಲ್ಲ. ಅಷ್ಟು ಭೂಮಿ ಕೊಳ್ಳಲಾರದವನನ್ನು ಯಾರೂ ಕತ್ತು ಹಿಡಿದು ದಬ್ಬಬೇಕಾಗಿಲ್ಲ.

ಯೋಜಿತ ಬಡಾವಣೆಗಳಲ್ಲಿ ಬಾಡಿಗೆ ಮನೆಗಳಿಗೆ ಊರು ಒಪ್ಪಿಗೆ ಕೊಡಲೇ ಇಲ್ಲವೆಂದಲ್ಲ. ಕೊಟ್ಟಿತು, ಷರತ್ತುಗಳನ್ನು ನೋಡಿ. ಒಂದು ಮಲಗುವ ಕೋಣೆಯ ಮನೆಯಲ್ಲಿ ಶಾಲೆಗೆ ಹೋಗುವ ವಯಸ್ಸಿನ ಮಗು ಇರಕೂಡದು. ಎರಡು ಕೋಣೆಯದರಲ್ಲಿ ಎರಡಕ್ಕಿಂತ ಹೆಚ್ಚು ಮಕ್ಕಳಿರಕೂಡದು. ಒಂದು ಬಡಾವಣೆಯಲ್ಲಂತೂ ಮನೆಯೊಂದಕ್ಕೆ ಸರಾಸರಿ 0.3 ಮಗುವಿಗಿಂತ ಹೆಚ್ಚಾದರೆ ಅವರ ಓದಿನ ಖರ್ಚನ್ನು ಬಡಾವಣೆ ಕಟ್ಟಿಸಿದವನೇ ತೆರಬೇಕು! ನಾವು ವರ್ಷಗಟ್ಟಲೆ ಹಾಜರಿ ಪುಸ್ತಕ ಹಿಡಿದು ಮಕ್ಕಳನ್ನು ಎಣಿಸಿದವರು. ಮಗುವಿನ ಹತ್ತರಲ್ಲಿ ಮೂರು ಪಾಲು ಯಾವ ಬೆಂಚಿನ ಮೇಲೂ ಕೂತದ್ದನ್ನು ಕಂಡಿಲ್ಲ. ಇದರ ಗುಟ್ಟು ಇಷ್ಟೆ: ಅಲ್ಲಿ ಶಾಲೆಯ ಖರ್ಚು ಬಹುಮಟ್ಟಿಗೆ ಊರಿನ ಆಸ್ತಿ ತೆರಿಗೆಯಿಂದ ನಡೆಯುತ್ತದೆ. ಕಾರ್ಖಾನೆ ಬಂದರೆ ತೆರಿಗೆ ಬರುತ್ತದೆ, ಕೂಲಿಕಾರನ ಮಗು ಬಂದರೆ ಖರ್ಚು ಬರುತ್ತದೆ. ಆದ್ದರಿಂದ ಭೂಮಿಯಲ್ಲಿ ನೂರಕ್ಕೆ 29 ಪಾಲನ್ನು ಕಾರ್ಖಾನೆಗಳಿಗೆಂದು ಮೀಸಲಿಟ್ಟಿದ್ದರು. ಕಾರ್ಖಾನೆ ಬೇಕು, ಕೂಲಿಕಾರನ ಸಂಸಾರ ಬೇಡ. ಗಿರಣಿಯ ಸೀಟಿಗೆ ಏಳುವ ನಮ್ಮ ಓದುಗರಿಗೆ ಈ ನೀತಿಯನ್ನು ಬಿಡಿಸಿ ಹೇಳಬೇಕೆ?

1975ರಲ್ಲಿ ಸಂಸ್ಥಾನದ ಶ್ರೇಷ್ಠ ನ್ಯಾಯಾಲಯವು, ಬೆಳೆಯುತ್ತಿರುವ ಪ್ರತಿಯೊಂದು ಊರೂ ಸುತ್ತಿನ ಪ್ರದೇಶದ ಬಡವರ ವಸತಿಯಲ್ಲಿ ತನ್ನ ನ್ಯಾಯವಾದ ಪಾಲನ್ನು ಹೊರಬೇಕೆಂದು ತೀರ್ಪಿತ್ತಿತು. ಊರು ಏನು ಮಾಡಿತು? 14 ಸಾವಿರ ಎಕರೆಯಲ್ಲಿ ಸುಮಾರು 20 ಎಕರೆಯನ್ನು ತೋರಿಸಿ ಕೈತೊಳೆದುಕೊಂಡಿತು. 1983ರಲ್ಲಿ ನ್ಯಾಯಾಲಯ ಇನ್ನೊಮ್ಮೆ, ಹೆಚ್ಚು ಖಾರವಾಗಿ ಹೇಳಬೇಕಾಯಿತು. 1985ರ ಶಾಸನವಾದರೋ, ಶ್ರೀಮಂತ ಊರು ತನ್ನ ಪಾಲಿನ ಅರ್ಧದವರೆಗೆ ಬಡ ನಗರಕ್ಕೆ ಹಣ ಕೊಟ್ಟು ಸಾಗಹಾಕಬಹುದೆಂಬ ಕಿಂಡಿಯನ್ನು ತೆರೆಯಿತು. ಅದು ಮುಚ್ಚಿದ್ದು 2008ರಲ್ಲಿ. ಎಥೆಲ್ ಲಾರೆನ್ಸರು 1994ರಲ್ಲಿಯೇ ತೀರಿಕೊಂಡಿದ್ದರು. ಅವರದೇ ಹೆಸರಿನ ಬಾಡಿಗೆ ಮನೆಗಳಿಗೆ ಮೊದಲ ಸಂಸಾರಗಳು ಬಂದದ್ದು 2000ದ ಕೊನೆಗೆ. ಮೊದಲು 100, ಆಮೇಲೆ 40, ಒಟ್ಟು 140 ಮನೆಗಳು.

ಬೆಲೆ, ಕಳ್ಳತನ, ತೆರಿಗೆ ಏನಾದವು? ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಡಗ್ಲಸ್ ಮ್ಯಾಸಿ ಮತ್ತು ಅವರ ಸಂಗಡಿಗರು ಸುತ್ತಲಿನ ಊರುಗಳೊಡನೆ ಹೋಲಿಸಿ ಲೆಕ್ಕ ಹಾಕಿ 2013ರಲ್ಲಿ ಪುಸ್ತಕವನ್ನೇ ಪ್ರಕಟಿಸಿದರು. ಮನೆಗಳಿಂದಾಗಿ ಬೆಲೆ ಇಳಿಯಲಿಲ್ಲ, ಅಪರಾಧ ಹೆಚ್ಚಲಿಲ್ಲ, ತೆರಿಗೆ ಏರಲಿಲ್ಲ. ಬಂದವರಿಗೆ ಕೆಲಸ ಹೆಚ್ಚಿತು, ಮಕ್ಕಳಿಗೆ ಓದಲು ನೆಮ್ಮದಿಯ ಮೂಲೆ ದೊರೆಯಿತು. ಇನ್ನೂ ಸ್ವಾರಸ್ಯವೆಂದರೆ, ನೆರೆಯವರಲ್ಲಿ ಮೂರರಲ್ಲೊಂದು ಪಾಲಿನಷ್ಟು ಜನಕ್ಕೆ ಪಕ್ಕದಲ್ಲಿ ಅಂಥ ಮನೆಗಳಿವೆಯೆಂಬುದೇ ಗೊತ್ತಿರಲಿಲ್ಲ.

ಇನ್ನು ನಮ್ಮ ಕಡೆಗೆ ಬರೋಣ. ಕೈಗಾರಿಕಾ ಕಾರ್ಮಿಕರಿಗೆ ಬಾಡಿಗೆ ಮನೆ ಕಟ್ಟಲು ಭಾರತ ಸರ್ಕಾರವು 1952ರಲ್ಲಿಯೇ ಸಹಾಯಧನದ ಯೋಜನೆಯನ್ನು ತಂದಿತ್ತು. ಆಮೇಲೆ ಬಡವನ ವಸತಿಯೆಂದರೆ ಸೈಟು, ಸಾಲ, ಸ್ವಂತ ಮನೆ ಎಂಬ ಮಾತೇ ಮುಂದಾಯಿತು. 2020ರಲ್ಲಿ ಲಾಕ್‌ಡೌನಿನಿಂದ ಲಕ್ಷಾಂತರ ಕೂಲಿಕಾರರು ಹೆದ್ದಾರಿಯಲ್ಲಿ ನಡೆದು ಊರು ಸೇರಿದ ಮೇಲೆಯೇ ದೆಹಲಿಗೆ ಬಾಡಿಗೆ ಮನೆಯ ನೆನಪು ಮರಳಿ, ಅದೇ ಜುಲೈನಲ್ಲಿ ಹೊಸ ಯೋಜನೆ ಬಂದಿತು. ಆದರೆ ಬಡಾವಣೆಯ ನಕ್ಷೆಯಲ್ಲಿ ಗೆರೆ ಎಳೆಯುವಾಗಲೇ ಜಾಗ ಬಿಡದಿದ್ದರೆ ಯೋಜನೆ ಕಾಗದದಲ್ಲಿಯೇ ಉಳಿಯುತ್ತದೆ. ಸೈಟುಗಳೆಲ್ಲ ಹರಾಜಾದ ಮೇಲೆ ನಾವು ಕೂಗಿ ಪ್ರಯೋಜನವಿಲ್ಲ.

ಸಣ್ಣ ವ್ಯಾಪಾರಿ ಬಂಧುಗಳಿಗೂ ಒಂದು ಮಾತು. ಬಾಡಿಗೆದಾರ ಊರಾಚೆ ಹೋದರೆ ಅವನ ಕಿರಾಣಿ ಚೀಟಿಯೂ ಅವನ ಹಿಂದೆಯೇ ಹೋಗುತ್ತದೆ.

1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಂತೆ, ಊರಿನ ಯೋಜನೆಯ ಕರಡು ಪ್ರಕಟವಾದಾಗ ಸಾರ್ವಜನಿಕರು ಅಭಿಪ್ರಾಯ ಸಲ್ಲಿಸಲು 60 ದಿನಗಳ ಅವಕಾಶವಿದೆ. ಸೈಟುದಾರರ ಅರ್ಜಿಗಳು ಮೊದಲ ದಿನವೇ ಬಂದು ಬೀಳುತ್ತವೆ. ಗಿರಣಿಯ ಸಂಘದವರೂ ಪೇಟೆಯವರೂ ಈ ಸಲ ಒಟ್ಟಾಗಿ ಕೂತು, ಎಷ್ಟು ಎಕರೆ ಬಾಡಿಗೆ ಮನೆಗೆಂದು ಅಂಕಿಯಲ್ಲಿಯೇ ಬರೆದು, ರುಜು ಹಾಕಿ, ಸ್ವೀಕೃತಿ ಚೀಟಿ ಪಡೆದು ಬರಬೇಕು. ಅರ್ಜಿ ಬರೆಯಲು ಬಾರದವರು ಸಂಜೆ ಆರರ ಮೇಲೆ ನಮ್ಮ ಕಚೇರಿಗೆ ಬರಲಿ, ಬರೆದುಕೊಡುತ್ತೇವೆ.